ಎಡಗಡೆಯ ಸೀಟು

ನನ್ನ ಕಾರಿಗೆ ಸ್ಟೇರಿಂಗ್ ಎಡಗಡೆ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಗ ಮೊದಲೇ ಹೇಳದೆ ಹೋದದ್ದರಿಂದಲೇ ಇಷ್ಟೆಲ್ಲ ಆದದ್ದು.

ನಾನು ಓದಿದ್ದು ಮೂರನೇ ಕ್ಲಾಸು. ಮಲ್ಲಂದೂರಿನ ಹತ್ತಿರ ಜಯದೇವಪ್ಪನವರ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷ ಮೇಸ್ತ್ರಿಯಾಗಿದ್ದೆ. ಅಲ್ಲಿ ಒಂದು ಪದ್ಧತಿ. ಧಣಿಗಳ ಜೀಪು ಬಂತೆಂದರೆ ಆಳುಗಳೆಲ್ಲ ರಸ್ತೆಯ ಎಡಬದಿಗೆ ಸರಿದು, ತಲೆಯ ಟವೆಲ್ ತೆಗೆದು ಕೈಮುಗಿಯಬೇಕು. ಧಣಿಗಳು ಕೂರುವುದು ಮುಂದಿನ ಎಡಗಡೆಯ ಸೀಟಿನಲ್ಲಿ. ಬಲಗಡೆ ಡ್ರೈವರು. ಹಾಗಾಗಿ ಇಪ್ಪತ್ತೆರಡು ವರ್ಷದಲ್ಲಿ ಧಣಿಗಳ ಮುಖದ ಎಡ ಅರ್ಧ, ಅದರಲ್ಲೂ ಎಡಗಿವಿ, ನನಗೆ ಬಹಳ ಚೆನ್ನಾಗಿ ಪರಿಚಯವಾಗಿತ್ತು. ಬಲಗಿವಿ ಹೇಗಿದೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಆಮೇಲೆ ಮಾವನವರ ಕಡೆಯಿಂದ ಬಣಕಲ್ ಹತ್ತಿರ ಏಳು ಎಕರೆ ತೋಟ ಬಂತು. ತೊಂಬತ್ತನಾಲ್ಕರಲ್ಲಿ ಬ್ರೆಜಿಲ್ ಎಂಬಲ್ಲಿ ಹಿಮ ಬಿದ್ದು ಅವರ ಕಾಫಿ ಗಿಡವೆಲ್ಲ ಕರಟಿಹೋಯಿತಂತೆ. ಅಲ್ಲಿ ಗಿಡ ಒಣಗಿದ್ದಕ್ಕೆ ಇಲ್ಲಿ ಕಾಫಿಯ ಬೆಲೆ ಏರಿ ನಮ್ಮ ಮೈಗೆ ಕೊಬ್ಬು ಬಂತು. ಆ ವರ್ಷ ಬಣಕಲ್ಲಿನಿಂದ ಮೂಡಿಗೆರೆಯವರೆಗೆ ಕಾರು ಕೊಳ್ಳದವನು ಬಸ್ ಕಂಡಕ್ಟರು ಒಬ್ಬನೇ. ನನಗೂ ಆಸೆಯಾಯಿತು. ಕಾರಿನ ಆಸೆಯಲ್ಲ, ನಿಜ ಹೇಳಬೇಕೆಂದರೆ, ಆ ಎಡಗಡೆಯ ಸೀಟಿನ ಆಸೆ.

ಆದರೆ ಎಡಗಡೆ ಕೂರಬೇಕೆಂದರೆ ಬಲಗಡೆ ಒಬ್ಬ ಡ್ರೈವರು ಬೇಕು. ಏಳು ಎಕರೆಯವನಿಗೆ ಡ್ರೈವರು ಎಲ್ಲಿಂದ? ಚಿಕ್ಕಮಗಳೂರಿನ ಕಾರು ದಲ್ಲಾಳಿ ರಾಜೇಶನ ಮುಂದೆ ಈ ಕಷ್ಟ ಹೇಳಿಕೊಂಡೆ. ಅವನು ಒಂದು ಶೆಡ್ಡಿನ ಬಾಗಿಲು ತೆಗೆದು, ಟಾರ್ಪಾಲು ಸರಿಸಿ ತೋರಿಸಿದ. ಕೆಂಪಗೆ, ಗಿಡ್ಡಗೆ, ಹಿಂಭಾಗ ಕತ್ತಿಯಲ್ಲಿ ಕತ್ತರಿಸಿದಂತಿದ್ದ ಪುಟ್ಟ ಕಾರು.

"ಜಪಾನಿಂದು ಸಾವ್ಕಾರ್ರೇ. ದುಬೈನಲ್ಲಿದ್ದೋರು ವಾಪಸ್ ಬರುವಾಗ ಹಡಗಲ್ಲಿ ತಂದದ್ದು. ಸಿಟಿ ಒಳಗೆ ಓಡಿಸೋಕೆ ಅಂತಾನೇ ಮಾಡಿದ್ದು. ಎಂಥ ಸಂದಿಯಲ್ಲೂ ನುಗ್ಗುತ್ತೆ. ಪೆಟ್ರೋಲ್ ಅಂತೂ ಮೂಸಿ ನೋಡಿ ಬಿಡುತ್ತೆ, ಕುಡಿಯೋದೇ ಇಲ್ಲ."

"ಡ್ರೈವರು?" ಎಂದೆ.

"ಅದೇ ನೋಡಿ ವಿಶೇಷ!" ಎಂದು ರಾಜೇಶ ಎಡಗಡೆಯ ಬಾಗಿಲು ತೆಗೆದ. "ಇದರ ಸ್ಟೇರಿಂಗ್ ಇರೋದೇ ಧಣಿಗಳ ಸೀಟಲ್ಲಿ. ನೀವೇ ಧಣಿ, ನೀವೇ ಡ್ರೈವರು. ಒಂದೇ ಸೀಟಲ್ಲಿ ಎರಡೂ ಕೆಲಸ."

ಆ ದಿನ ನನಗೆ ಜಪಾನಿನವರ ಬುದ್ಧಿಯ ಬಗ್ಗೆ ಬಹಳ ಗೌರವ ಬಂತು.

ಕಾರಿನ ಹಿಂಭಾಗದಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಬಿಳಿ ಅಕ್ಷರದಲ್ಲಿ ಏನೋ ಬರೆದಿತ್ತು. ಕಾರಿನ ಹೆಸರಿರಬೇಕೆಂದುಕೊಂಡು ಕೇಳಲು ಹೋಗಲಿಲ್ಲ. ಆಯುಧಪೂಜೆಗೆ ಆ ಅಕ್ಷರಗಳಿಗೇ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಹಾರ ಹಾಕಿದೆ.

ಓಡಿಸುವುದನ್ನು ಎರಡು ತಿಂಗಳು ಕಲಿತೆ. ಮುಂದಕ್ಕೆ ಹೋಗುವುದು ಬಂತು. ಹಿಂದಕ್ಕೆ ಬರುವುದು ಮಾತ್ರ ಕೈಗೆ ಹತ್ತಲಿಲ್ಲ. ಲೈಸೆನ್ಸ್ ಪರೀಕ್ಷೆಯ ದಿನ ಇನ್ಸ್‌ಪೆಕ್ಟರು ಅಭ್ಯಾಸದಂತೆ ಎಡಗಡೆಯ ಬಾಗಿಲಿಗೆ ಬಂದರು. ನಾನೂ ಅದೇ ಬಾಗಿಲಿಗೆ ಹೋದೆ. "ನೀವು ಆ ಕಡೆ ಹೋಗ್ರಿ" ಎಂದರು. "ಸಾರ್, ನೀವು ಆ ಕಡೆ ಹೋಗ್ಬೇಕು" ಎಂದೆ. ಯಾರು ಯಾರಿಗೆ ಪರೀಕ್ಷೆ ಮಾಡುವುದೆಂದು ಸ್ವಲ್ಪ ಹೊತ್ತು ಅನುಮಾನವಾಯಿತು. ಕೊನೆಗೆ ಅವರು ಬಲಗಡೆ ಕೂತು, ಮೈದಾನದ ಸುತ್ತ ಹೋಗುವಷ್ಟು ಹೊತ್ತೂ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದರು. ಇಳಿಯುವಾಗ ಅವರ ಕಾಲು ಮರಗಟ್ಟಿತ್ತು. ಹಿಂದಕ್ಕೆ ತೆಗೆದು ತೋರಿಸು ಎನ್ನುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ.

ಮೊದಲ ಸಲ ಒಬ್ಬನೇ ಬಣಕಲ್ ಪೇಟೆಗೆ ಹೊರಟೆ. ಎಡಗಡೆಯ ಕಿಟಕಿ ಇಳಿಸಿ, ಮೊಣಕೈ ಹೊರಗಿಟ್ಟು, ಧಣಿಗಳು ಕೂರುವ ಹಾಗೆ ಸ್ವಲ್ಪ ಓರೆಯಾಗಿ ಕೂತಿದ್ದೆ. ಇಳಿಜಾರಿನಲ್ಲಿ ವಸಂತಮ್ಮನ ಹೋಟೆಲು. ಅವಳು ಹಾಲಿನ ಪಾತ್ರೆ ಹಿಡಿದು ಹೊರಗೆ ಬಂದವಳು ನನ್ನ ಕಾರು ನೋಡಿ ಕಿರುಚಿದಳು.

"ಅಯ್ಯಯ್ಯೋ! ಡ್ರೈವರೇ ಇಲ್ದೆ ಗಾಡಿ ಬರ್ತಾ ಇದೆ! ಬ್ರೇಕ್ ಜಾರಿದೆ, ಕಲ್ಲು ಕೊಡ್ರೋ, ಕಲ್ಲು!"

ನಮ್ಮ ಕಡೆ ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿ ಜಾರುವುದು ಹೊಸದಲ್ಲ. ಚಕ್ರಕ್ಕೆ ಕಲ್ಲು ಕೊಡುವುದೂ ಹೊಸದಲ್ಲ. ಹೋಟೆಲಿನಲ್ಲಿದ್ದವರೆಲ್ಲ ಒಂದೊಂದು ಕಲ್ಲು ಎತ್ತಿಕೊಂಡು ಓಡಿಬಂದರು. ನಾನು ಎಡಗಡೆಯಿಂದ ಕೈ ಬೀಸಿ, ಏನೂ ಆಗಿಲ್ಲ ಎಂದೆ.

"ಶೇಷಪ್ಪನೋರು ಒಳಗೇ ಸಿಕ್ಕಾಕ್ಕೊಂಡಿದಾರೆ! ಹಾರ್ಕೊಳ್ಳಿ ಶೇಷಪ್ಪನೋರೇ, ಹಾರ್ಕೊಳ್ಳಿ! ಗಾಡಿ ಹೋದ್ರೆ ಹೋಗ್ಲಿ!"

ನಾಲ್ಕೂ ಚಕ್ರಕ್ಕೆ ಕಲ್ಲು ಬಿತ್ತು. ಒಬ್ಬ ಬಾಗಿಲು ತೆಗೆದು ನನ್ನನ್ನು ರಟ್ಟೆ ಹಿಡಿದು ಹೊರಗೆಳೆದ. ವಸಂತಮ್ಮ ನೀರು ತಂದು ಮುಖಕ್ಕೆ ಚಿಮುಕಿಸಿದಳು. ನಾನೇ ಓಡಿಸುತ್ತಿದ್ದೆ ಎಂದು ಹೇಳುವುದಕ್ಕೆ ಇದು ಸಮಯವಲ್ಲ ಎಂದುಕೊಂಡು, ಉಳಿದ ನೀರು ಕುಡಿದೆ.

ಬಲಗಡೆ ಯಾರಾದರೂ ಕೂರಲೇಬೇಕೆಂದು ಆಗ ಗೊತ್ತಾಯಿತು. ಹೆಂಡತಿ ವಿಶಾಲಾಕ್ಷಮ್ಮನನ್ನು ಕರೆದೆ.

"ಡ್ರೈವರ್ ಜಾಗದಲ್ಲಿ ನಾನು ಕೂರ್ಬೇಕಾ? ನನ್ ತವರಿನ ತೋಟದ ಕಾಫಿ ಮಾರಿ ತಂದ ಕಾರು, ಹಿಂದಿನ ಸೀಟಲ್ಲಿ ಕೂತ್ರೆ ಕೂತೆ, ಇಲ್ದಿದ್ರೆ ಬಸ್ಸಿದೆ" ಎಂದು ಅವಳು ಬಸ್ಸಿಗೇ ಹೋದಳು.

ಆಗ ನೆನಪಾದವನು ಸಿದ್ದಬಸಪ್ಪಣ್ಣ.

ಸಿದ್ದಬಸಪ್ಪ ಎಸ್ಟೇಟಿನಲ್ಲಿ ನನಗಿಂತ ಹಿರಿಯ ಮೇಸ್ತ್ರಿ. ಕಾಫಿ ಗಿಡದ ಚಿಗುರು ತೆಗೆಯುವುದನ್ನು, ಆಳುಗಳನ್ನು ಬೈಯದೆ ಕೆಲಸ ತೆಗೆಯುವುದನ್ನು ನನಗೆ ಕಲಿಸಿದವನು. ಅವನೂ ಕೆಲಸ ಬಿಟ್ಟು ನಮ್ಮ ತೋಟದ ಪಕ್ಕದಲ್ಲೇ ಎರಡು ಎಕರೆ ಮಾಡಿಕೊಂಡಿದ್ದ. "ಬಾರಣ್ಣ, ಚಿಕ್ಕಮಗಳೂರಿಗೆ ಹೋಗಿ ಬರೋಣ, ಮುಂದಿನ ಸೀಟಲ್ಲಿ ಕೂರು" ಎಂದೆ. ಅವನು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಕೊಡೆ ಹಿಡಿದು ಬಂದ. ಕೊಡೆಯನ್ನು ಮಂಡಿಗಳ ನಡುವೆ ನೆಟ್ಟಗೆ ನಿಲ್ಲಿಸಿ, ಅದರ ಬಾಗಿದ ಹಿಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು, ರಸ್ತೆಯನ್ನೇ ದಿಟ್ಟಿಸುತ್ತ ಕೂತ. ಎದುರಿನಿಂದ ನೋಡಿದವರಿಗೆ ಸಾಕ್ಷಾತ್ ಡ್ರೈವರು.

ಅವತ್ತು ಯಾರೂ ಕಲ್ಲು ತರಲಿಲ್ಲ. ರಸ್ತೆ ಬದಿಯಲ್ಲಿ ಸೌದೆ ಹೊತ್ತಿದ್ದ ಇಬ್ಬರು ಆಳುಗಳು ಪಕ್ಕಕ್ಕೆ ಸರಿದು, ಎಡಗಡೆಯ ಕಿಟಕಿಗೆ, ಅಂದರೆ ನನಗೆ, ಕೈಮುಗಿದರು. ನಾನು ಧಣಿಗಳ ಹಾಗೆ ಗಲ್ಲವನ್ನು ಒಂದಿಷ್ಟು ಅಲ್ಲಾಡಿಸಿದೆ. ಆ ಸಂತೋಷದಲ್ಲಿ ಗೇರು ತಪ್ಪಿ ಕಾರು ಗೊರಗುಟ್ಟಿತು.

ಮರುದಿನ ವಸಂತಮ್ಮ ಚಾ ಕೊಡುತ್ತ ಕೇಳಿದಳು. "ಸಿದ್ದಬಸಪ್ಪಣ್ಣ ಈ ವಯಸ್ಸಲ್ಲಿ ಡ್ರೈವಿಂಗ್ ಕಲಿತ್ರಾ? ನಿಮ್ಮತ್ರಾನೇ ಕೆಲಸಕ್ಕಿದಾರಾ?"

ಇಲ್ಲ ಎನ್ನುವುದು ಎರಡಕ್ಷರದ ಮಾತು. ಹೋಟೆಲಿನಲ್ಲಿ ಆರೇಳು ಜನ ಕೂತಿದ್ದರು. ನಾನು ಚಾ ಊದುತ್ತ, "ಹ್ಞೂಂ... ಇರ್ಲಿ ಅಂತ ಇಟ್ಕೊಂಡಿದೀನಿ. ಪಾಪ, ಹಳೇ ಮನುಷ್ಯ" ಎಂದೆ.

ಈ 'ಪಾಪ' ಎಂದದ್ದಕ್ಕೆ ಈಗಲೂ ಬಡ್ಡಿ ಕಟ್ಟುತ್ತಿದ್ದೇನೆ.

ಎರಡು ತಿಂಗಳು ಹೀಗೇ ನಡೆಯಿತು. ವಾರಕ್ಕೊಮ್ಮೆ ಚಿಕ್ಕಮಗಳೂರು. ಸಿದ್ದಬಸಪ್ಪ ದಿನದಿಂದ ದಿನಕ್ಕೆ ಇನ್ನೂ ಚೆನ್ನಾಗಿ ಕೂರತೊಡಗಿದ. ತಿರುವು ಬಂದರೆ ಕೊಡೆಯ ಹಿಡಿಯನ್ನೂ ಆ ಕಡೆಗೆ ತಿರುಗಿಸುತ್ತಿದ್ದ. ಕಾರಿನ ಕುಲುಕಾಟಕ್ಕೆ ಹಾಗಾಗುತ್ತದೆ ಎಂದುಕೊಂಡಿದ್ದೆ.

ಆ ಹೊತ್ತಿಗೆ ಜಯದೇವಪ್ಪನವರ ಮಗಳು ಕೃತಿಕಾಳ ನಿಶ್ಚಿತಾರ್ಥಕ್ಕೆ ಕರೆ ಬಂತು. ಸಿದ್ದಬಸಪ್ಪನಿಗೂ ಬಂತು. ಅವನು ಕಾಗದ ಹಿಡಿದು ನನ್ನ ಮನೆಗೆ ಬಂದ.

"ಶೇಷಪ್ಪ, ಅಲ್ಲಿಗೆ ರುದ್ರಪ್ಪನೋರು ಬರ್ತಾರಂತೆ. ಅವರ ಮಗನಿಗೆ ನನ್ ಮಗಳು ಮೇಘಶ್ರೀನ ಕೇಳೋಣ ಅಂತ ಮಾತಿದೆ. ಹುಡುಗ ಒಳ್ಳೇವನು. ನಂಗೆ ದೊಡ್ಡೋರ ಮುಂದೆ ಬಾಯಿ ಬರಲ್ಲ ಮಾರಾಯ. ನೀನೊಂದು ಒಳ್ಳೇ ಮಾತು ಹೇಳು. ಈಗ ನಿನ್ ಮಾತಿಗೆ ಬೆಲೆ ಇದೆ."

"ನಂಗೆ ಬಿಡು" ಎಂದೆ.

ಜಯದೇವಪ್ಪನವರ ಬಂಗಲೆಯ ಗೇಟಿನಲ್ಲಿ ಎರಡು ಕಂಬ. ಕಂಬಗಳ ನಡುವೆ ಒಂದು ಗಾಡಿ ಹಿಡಿಸುವಷ್ಟೇ ಜಾಗ. ಒಳಗೆ ಅಂಗಳದ ತುಂಬ ಜೀಪುಗಳು. ಒಳಗೆ ಹೋದರೆ ವಾಪಸ್ ಬರಲು ಹಿಂದಕ್ಕೆ ತೆಗೆಯಬೇಕಾಗುತ್ತದೆ ಎಂದು ನನಗೆ ಹೆದರಿಕೆಯಾಗಿ ಕಂಬಗಳ ನಡುವೆಯೇ ನಿಲ್ಲಿಸಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಓಡಿಬಂದು, ಧಣಿಗಳಿಗೆ ತೆಗೆಯುವ ಹಾಗೆ ತಲೆ ತಗ್ಗಿಸಿಕೊಂಡೇ ಎಡಗಡೆಯ ಬಾಗಿಲು ತೆಗೆದರು.

"ಇಳೀರಿ ಶೇಷಪ್ಪನೋರೇ, ಗಾಡಿ ನಿಮ್ಮ ಡ್ರೈವರ್ ತೆಗೀತಾರೆ."

ನಾನು ಕೀ ಕಿತ್ತು ಜೇಬಿಗೆ ಹಾಕಿಕೊಂಡು ಇಳಿದೆ. ಮೆಟ್ಟಿಲ ಮೇಲಿಂದ ಜಯದೇವಪ್ಪನವರು, "ಬನ್ನಿ ಶೇಷಪ್ಪನೋರೇ, ಬನ್ನಿ" ಎಂದರು. ಇಪ್ಪತ್ತೆರಡು ವರ್ಷ 'ಬಾರೋ' ಎಂದು ಕರೆದ ಬಾಯಿ. ನನಗೆ ಕಾಲು ನೆಲಕ್ಕೆ ಮುಟ್ಟಲಿಲ್ಲ. ನಡುಮನೆ ಮುಟ್ಟಿದ ಮೇಲೆ ತಿರುಗಿ ನೋಡಿದರೆ, ರೈಟರು ಸಿದ್ದಬಸಪ್ಪನ ಭುಜ ಹಿಡಿದು, "ಡ್ರೈವರುಗಳಿಗೆ ತಿಂಡಿ ಗೋಡೌನ್ ಜಗಲಿಯಲ್ಲಿ" ಎಂದು ಬಂಗಲೆಯ ಹಿಂದಕ್ಕೆ ಕೈ ತೋರಿಸುತ್ತಿದ್ದರು. ಸಿದ್ದಬಸಪ್ಪ ಒಂದು ಸಲ ನನ್ನತ್ತ ನೋಡಿದ. ನಾನು ಗೋಡೆಯ ಮೇಲಿದ್ದ ಕಾಡುಕೋಣದ ಕೊಂಬನ್ನು ನೋಡಿದೆ. ಅವನು ಕೊಡೆ ಹಿಡಿದು ಹಿಂದಕ್ಕೆ ಹೋದ.

ತಿಂಡಿಗೆ ರುದ್ರಪ್ಪನವರ ಪಕ್ಕದಲ್ಲೇ ನನಗೆ ಎಲೆ ಹಾಕಿದರು. ಕಡುಬು, ಕಾಯಿಚಟ್ನಿ, ಕೇಸರಿಬಾತು. ನಾನು ಮೇಘಶ್ರೀಯ ಗುಣ, ಅವಳ ತಂದೆ ಸಿದ್ದಬಸಪ್ಪನ ಗುಣ ಹೇಳುತ್ತಲೇ ಇದ್ದೆ. "ಅವರು ಬಂದಿಲ್ವಾ?" ಎಂದರು ರುದ್ರಪ್ಪನವರು. "ಬಂದಿದಾರೆ, ಇಲ್ಲೇ ಎಲ್ಲೋ..." ಎಂದೆ.

ಅಷ್ಟರಲ್ಲಿ ಗೇಟಿನಲ್ಲಿ ಹಾರನ್. ಗಂಡಿನ ಕಡೆಯವರ ವ್ಯಾನು ಬಂದಿತ್ತು, ನನ್ನ ಕಾರು ಅಡ್ಡ. ಮುಹೂರ್ತಕ್ಕೆ ಅರ್ಧ ಗಂಟೆಯೂ ಇರಲಿಲ್ಲ. ಹೊರಗೆ "ಯಾರ್ರೀ ಇದರ ಡ್ರೈವರು?" ಎಂಬ ಕೂಗು.

ರೈಟರು ನನ್ನ ಎಲೆಯ ಮುಂದೆ ಬಂದು ಬಗ್ಗಿದರು. "ನಿಮ್ಮ ಡ್ರೈವರು ಕೀ ಸಾವ್ಕಾರ್ರ ಹತ್ರ ಇದೆ ಅಂತಾರೆ."

ಸಾವ್ಕಾರ್ರು ಅಂದರೆ ನಾನು. ಎದ್ದು ಹೋಗಬೇಕಾದ ಹೊತ್ತು ಅದು. ನಾನು ಎಡಗೈಯಿಂದ ಕೀ ತೆಗೆದು ಕೊಟ್ಟೆ.

ಮುಂದಿನದು ಪಂಕ್ತಿಯ ಆ ತುದಿಯಿಂದ ಈ ತುದಿಗೆ, ಎಲೆಯಿಂದ ಎಲೆಗೆ, ಚಟ್ನಿಯ ಜೊತೆಗೇ ಬಂತು.

"ಕೀ ಕೊಟ್ರೂ ಡ್ರೈವರು ಗಾಡಿ ತೆಗೀತಿಲ್ಲವಂತೆ."

"ಮೈ ಸರಿ ಇಲ್ಲ, ಕೈ ನಡುಗುತ್ತೆ ಅಂದನಂತೆ."

"ಬೆಳಿಗ್ಗೇನೇ ಹಾಕಿದಾನೆ ಅನ್ನಿ!"

"ಶುಭಕಾರ್ಯದ ಮನೆಗೆ ಕುಡಿದು ಬಂದಿದಾನಾ? ಥೂ!"

ಧಣಿಗಳ ಜೀಪಿನ ಡ್ರೈವರು ರೇಗಿ, ಸಿದ್ದಬಸಪ್ಪನ ಕೈಯಿಂದ ಕೀ ಕಸಿದು, ಬಲಗಡೆಯ ಬಾಗಿಲು ತೆಗೆದು ಧಡಕ್ಕನೆ ಕೂತು ಎರಡೂ ಕೈ ಮುಂದಕ್ಕೆ ಚಾಚಿದನಂತೆ. ಹಿಡಿಯಲು ಏನೂ ಸಿಗಲಿಲ್ಲ. ಅವನು ಹಾಕಿದ ಕೂಗು ನನಗೆ ಒಳಗೇ ಕೇಳಿಸಿತು. "ಅಯ್ಯೋ, ಸ್ಟೇರಿಂಗೇ ಇಲ್ಲ!"

ಪಂಕ್ತಿಗೆ ಬರುವಷ್ಟರಲ್ಲಿ ಅದು ಬೆಳೆಯಿತು.

"ಸ್ಟೇರಿಂಗ್ ಕದ್ದಿದಾರಂತೆ!"

"ಯಾರು?"

"ಇನ್ಯಾರು, ಆ ಕುಡುಕ ಡ್ರೈವರೇ ಮಾರ್ಕೊಂಡಿರ್ಬೇಕು."

"ದಾರೀಲಿ ಮಾರಿದ್ರೆ ಇಲ್ಲಿವರೆಗೆ ಹೆಂಗೆ ಬಂದ?"

"ಕುಡಿದೋರಿಗೆ ಅದೆಲ್ಲ ಬೇಕಾಗಲ್ಲ ಕಣ್ರೀ."

ರುದ್ರಪ್ಪನವರು ಕಡುಬು ಮುರಿಯುವುದನ್ನು ನಿಲ್ಲಿಸಿದರು. ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದರು. "ಆ ಡ್ರೈವರ ಹೆಸರು ಸಿದ್ದಬಸಪ್ಪ ಅಂತಿದಾರೆ. ನೀವು ಇಷ್ಟೊತ್ತು ಹೇಳಿದ ಹುಡುಗಿ ಅಪ್ಪ ಇವರೇನಾ? ಕುಡೀತಾರಾ?"

ಪಂಕ್ತಿಯ ಮಧ್ಯೆ ಏಳಬಾರದು. ಎದ್ದೆ. ಕೈ ತೊಳೆಯಲಿಲ್ಲ. ಎಲ್ಲರ ಮುಂದೆ ನಿಜ ಹೇಳಿಬಿಡುತ್ತೇನೆಂದು ನಡುಮನೆ ದಾಟಿ, ಮೆಟ್ಟಿಲಿಳಿದು, ಹೇಳಬೇಕಾದ ಮಾತನ್ನು ಬಾಯಲ್ಲೇ ಜೋಡಿಸಿಕೊಳ್ಳುತ್ತ ಗೇಟಿಗೆ ಬಂದೆ. ಎರಡು ನಿಮಿಷ ತಡವಾಗಿತ್ತು.

ಊರಿನ ಶಾಲೆಯ ಸುಬ್ಬಯ್ಯ ಮೇಷ್ಟ್ರು ಕಾರಿನ ಹಿಂದೆ ನಿಂತು ಕನ್ನಡಕ ಏರಿಸುತ್ತಿದ್ದರು. "ಏನ್ರಪ್ಪ ನೀವು! ಇಲ್ಲಿ ಇಷ್ಟು ದಪ್ಪಕ್ಷರದಲ್ಲಿ ಬರೆದಿದೆಯಲ್ಲ, ಎಡಗಡೆಯಿಂದ ಓಡಿಸೋ ಗಾಡಿ ಅಂತ. ಸ್ಟೇರಿಂಗ್ ಆ ಕಡೆ ಇರುತ್ತೆ, ನೋಡಿ." ಆಮೇಲೆ ಬಗ್ಗಿ, "ಇದಕ್ಯಾಕೆ ಕುಂಕುಮ ಹಚ್ಚಿದಾರೆ?" ಎಂದರು.

ಎಲ್ಲರೂ ಎಡಗಡೆಯ ಕಿಟಕಿಯಲ್ಲಿ ಇಣುಕಿದರು. ಸ್ಟೇರಿಂಗ್ ಇದ್ದಲ್ಲೇ ಇತ್ತು. ಜಯದೇವಪ್ಪನವರು ಯೋಚಿಸಿ ಯೋಚಿಸಿ ಕೇಳಿದರು.

"ಹಾಗಾದ್ರೆ ಎಡಗಡೆಯಿಂದ ಇಳಿದೋರು ಯಾರು?"

ನಾನು ಕೇಸರಿಬಾತಿನ ಕೈ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಹೇಳಬೇಕೆಂದೇ ಬಂದಿದ್ದೆ. ಈಗ ಹೇಳಿದರೂ ಸಿಕ್ಕಿಬಿದ್ದು ಹೇಳಿದ ಹಾಗೆಯೇ.

"ನಾನು ಸ್ವಾಮಿ" ಎಂದೆ. "ಓಡಿಸಿದ್ದೂ ನಾನೇ. ಸಿದ್ದಬಸಪ್ಪಣ್ಣನಿಗೆ ಡ್ರೈವಿಂಗ್ ಬರಲ್ಲ. ಅವನು ಕುಡಿಯೋದೂ ಇಲ್ಲ. ನಿಮ್ಮ ಮನೆಗೆ ನೆಂಟನಾಗಿ ಬಂದೋನು."

"ಶೇಷಪ್ಪ!" ಎಂದರು ಜಯದೇವಪ್ಪನವರು. "ತೆಗಿಯೋ ಮೊದ್ಲು ಗಾಡೀನ!"

'ಬನ್ನಿ' ಅರ್ಧ ಗಂಟೆ ಬಾಳಿ ಸತ್ತಿತ್ತು.

ಕೀ ಇಸಿದುಕೊಂಡು ಎಡಗಡೆ ಹತ್ತಿ, ಅಂಟು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಕಾರನ್ನು ಮುಂದಕ್ಕೆ, ಅಂಗಳದೊಳಕ್ಕೆ ಬಿಟ್ಟೆ. ಚಪ್ಪರದ ಒಂದು ಬಾಳೆಕಂಬ ನನ್ನ ಜೊತೆಗೇ ಬಂತು. ದಾರಿಯ ಪಕ್ಕ ಎಸ್ಟೇಟಿನ ಹಳೆಯ ಆಳುಗಳು ಸಾಲಾಗಿ ನಿಂತಿದ್ದರು. ಎಡಗಡೆಯ ಸೀಟು ಹತ್ತಿರ ಬಂದದ್ದೇ, ಎಷ್ಟೋ ವರ್ಷದ ಅಭ್ಯಾಸ, ಒಬ್ಬೊಬ್ಬರೂ ಟವೆಲ್ ತೆಗೆದು ನನಗೆ ಕೈಮುಗಿದರು. ನಾನು ಎಲ್ಲಿ ನೋಡುವುದು? ಬಾಳೆಎಲೆ ಗಾಜಿಗೆ ಅಡ್ಡ ಇದ್ದದ್ದು ಒಳ್ಳೆಯದೇ ಆಯಿತು.

ಕೈ ತೊಳೆದು ಗೋಡೌನ್ ಜಗಲಿಗೆ ಹೋದೆ. ಸಿದ್ದಬಸಪ್ಪ ಅರ್ಧ ತಿಂದ ಎಲೆಯ ಮುಂದೆ ಮತ್ತೆ ಕೂತಿದ್ದ. ಪಕ್ಕದಲ್ಲಿ ಕೂತೆ. ಯಾರೋ ನನಗೂ ಎಲೆ ಹಾಕಿ ಕಡುಬು ಬಡಿಸಿದರು.

"ಬೈಯಣ್ಣ" ಎಂದೆ.

"ಕಡುಬು ಆರುತ್ತೆ, ತಿನ್ನು."

"ಅವರೆಲ್ಲ ಕುಡುಕ ಅಂದ್ರೂ ಸುಮ್ನೆ ಯಾಕಿದ್ದೆ? ಓಡಿಸೋನು ಶೇಷಪ್ಪ ಅಂದಿದ್ರೆ ಮುಗೀತಿತ್ತಲ್ಲ!"

"ನನ್ನನ್ನ ಡ್ರೈವರಾಗಿ ಇಟ್ಕೊಂಡಿದೀಯ ಅಂತ ನೀನು ಹೇಳಿದ್ದನ್ನ ವಸಂತಮ್ಮ ಅವತ್ತೇ ಹೇಳಿದ್ಲು. ಎರಡು ತಿಂಗಳಾಯ್ತು" ಎಂದ ಸಿದ್ದಬಸಪ್ಪ. "ನಾಕು ಜನರ ಮುಂದೆ ನಿನ್ ಮಾತು ಸುಳ್ಳು ಮಾಡೋದು ಹೆಂಗೆ ಮಾರಾಯ? ಅದಕ್ಕೇ ತಿರುವಲ್ಲೆಲ್ಲ ಕೊಡೆ ತಿರುಗಿಸ್ತಾ ಇದ್ದೆ. ನೋಡಿದೋರಿಗೆ ಅನುಮಾನ ಬರಬಾರದಲ್ಲ."

ನನಗೆ ಕಡುಬು ಕೈಗೆ ಬರಲಿಲ್ಲ. ಆ ಕಡೆ ಕೂತಿದ್ದ ಡ್ರೈವರುಗಳು ಕಿಸಕ್ಕನೆ ನಕ್ಕರು. ಒಬ್ಬ, "ಹೊಸಬರು, ಇವರಿಗೆ ಇನ್ನೊಂದು ಕಡುಬು ಹಾಕ್ರಪ್ಪ" ಎಂದ.

ರುದ್ರಪ್ಪನವರು ಯಾವಾಗ ಬಂದು ಜಗಲಿಯ ಕೆಳಗೆ ನಿಂತಿದ್ದರೋ ನೋಡಿರಲಿಲ್ಲ. ಅವರು ನನ್ನನ್ನು ದಾಟಿ ಸಿದ್ದಬಸಪ್ಪನನ್ನು ನೋಡಿ ಕೈಮುಗಿದರು. "ಭಾನುವಾರ ಹುಡುಗೀನ ನೋಡೋಕೆ ಬರ್ತೀವಿ. ಮನೇಲಿರಿ." ಆಮೇಲೆ ನನ್ನ ಕಡೆ ತಿರುಗಿದರು. "ನೀವು ಕಾರು ಕಳಿಸೋದು ಬೇಡ. ನಾವು ಬಸ್ಸಿಗೇ ಬರ್ತೀವಿ."

ಹೊರಡುವಾಗ ಎಲ್ಲರೂ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಸಿದ್ದಬಸಪ್ಪ ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಎಡಗಡೆಯ ಬಾಗಿಲು ತೆಗೆದು ಹಿಡಿದು, ಸ್ವಲ್ಪ ಬಗ್ಗಿ ನಿಂತ. "ಹತ್ತಿ ಸಾವ್ಕಾರ್ರೇ." ನಾನು ಹತ್ತಿದೆ. ಅಂಗಳದಿಂದ ಕಾರನ್ನು ಹಿಂದಕ್ಕೆ ತೆಗೆಯಲು ನನಗೆ ಬಾರದ್ದರಿಂದ, ಧಣಿಗಳ ಆಳುಗಳೇ ಗೇಟಿನವರೆಗೆ ತಳ್ಳಿಕೊಟ್ಟರು.

ಬಣಕಲ್ಲಿನಲ್ಲಿ ಕಾರು ನಿಲ್ಲಿಸಿ ವಸಂತಮ್ಮನ ಹೋಟೆಲಿಗೆ ಹೋದೆ. ಜನ ತುಂಬಿದ್ದರು. ತುಂಬಿರಲಿ ಎಂದೇ ಹೋಗಿದ್ದೆ. "ವಸಂತಮ್ಮ, ಸಿದ್ದಬಸಪ್ಪಣ್ಣ ನನ್ ಡ್ರೈವರಲ್ಲ. ನಾನು ಸುಳ್ಳು ಹೇಳಿದ್ದೆ" ಎಂದೆ. ಅವಳು ಗಲ್ಲಾಪೆಟ್ಟಿಗೆಯಿಂದ ತಲೆ ಎತ್ತದೆ, "ಅವತ್ತು ಮುಖಕ್ಕೆ ಇನ್ನೊಂದು ಚೊಂಬು ನೀರು ಹಾಕ್ಬೇಕಿತ್ತು" ಎಂದಳು.

ಮುಂದಿನ ವೈಶಾಖದಲ್ಲಿ ಮೇಘಶ್ರೀಯ ಮದುವೆಯಾಯಿತು. ಸಾಮಾನು, ಹೂವು, ನೆಂಟರು, ಎಲ್ಲವನ್ನೂ ಆ ಕೆಂಪು ಕಾರಿನಲ್ಲಿ ನಾನೇ ಸಾಗಿಸಿದೆ. ಊಟದ ಹೊತ್ತಿಗೆ ಛತ್ರದ ಹಿಂದೆ ಡ್ರೈವರುಗಳ ಸಾಲಿಗೆ ಹೋಗಿ ಕೂತೆ. ಯಾರೂ ಕಳಿಸಿರಲಿಲ್ಲ. ಎಲೆಗೆ ಉಪ್ಪು ಬಿದ್ದಿತ್ತು, ಅಷ್ಟರಲ್ಲಿ ಯಾರೋ ಪಕ್ಕದಲ್ಲಿ ಕೂತರು. ನೋಡಿದರೆ ಹೆಣ್ಣಿನ ತಂದೆ. ರೇಷ್ಮೆ ಪಂಚೆ, ಕೈಯಲ್ಲಿ ಅದೇ ಕೊಡೆ.

"ಒಳಗೆ ಬೀಗರು ಕಾಯ್ತಾ ಇರ್ತಾರಲ್ಲಣ್ಣ" ಎಂದೆ.

"ಕಾಯ್ಲಿ" ಎಂದು ಅವನು ಕೊಡೆಯನ್ನು ನಮ್ಮಿಬ್ಬರ ಎಲೆಗಳ ನಡುವೆ ಮಲಗಿಸಿದ. ಪಲ್ಯ ಬಂತು, ಕೋಸಂಬರಿ ಬಂತು. ಅವನು ತುತ್ತು ಎತ್ತುವ ಮೊದಲು ಕೇಳಿದ.

"ಗಾಡಿ ಯಾರಿಗೂ ಅಡ್ಡ ಇಲ್ಲ ತಾನೇ?"

"ಇಲ್ಲಣ್ಣ" ಎಂದೆ. ಆದರೂ ಎದ್ದು ಹೋಗಿ ಒಂದು ಸಲ ನೋಡಿಕೊಂಡು ಬಂದೆ.